ಮೆಟ್ಟಿಲ ಬುಡದ ಕಪ್ಪು ಬೂಟು

"ಆ ಚಪ್ಪಲಿ ಯಾರದೇ?"

ನಾನು ಕೇಳಿದ್ದೇ ತಡ, ಹುಡುಗಿ ಕಾಲನ್ನು ಇಸ್ತ್ರಿ ಮೇಜಿನ ಕೆಳಗೆ ಎಳೆದುಕೊಂಡಳು. ಎಳೆದ ರಭಸಕ್ಕೆ ಒಂದು ಚಪ್ಪಲಿ ಇದ್ದಲ್ಲೇ ಉಳಿಯಿತು. ಅವಳ ಪಾದಕ್ಕೂ ಅದಕ್ಕೂ ಸಂಬಂಧವೇ ಇರಲಿಲ್ಲ. ಅದರಲ್ಲಿ ಅವಳ ಕಾಲು ಇಟ್ಟು ಇನ್ನೊಂದು ಮಗುವಿನ ಕಾಲೂ ಇಡಬಹುದಿತ್ತು.

"ನಂದೇ ಆಂಟಿ."

"ನಿಂದಾ? ಹಾಗಾದ್ರೆ ನೀನು ಇನ್ನೂ ಬೆಳೀಬೇಕು ಬಿಡು."

ಅವಳ ಚಿಕ್ಕಮ್ಮ ಇಸ್ತ್ರಿಪೆಟ್ಟಿಗೆಯನ್ನು ಅಂಗಿಯ ಮೇಲಿಂದ ಎತ್ತಿ ಪಕ್ಕಕ್ಕಿಟ್ಟಳು. "ಹಾಗೆ ಕೇಳಿ ಮೇಡಂ! ಹೊಸ ಚಪ್ಪಲಿ ಕೊಡಿಸಿ ತಿಂಗಳಾಗಿಲ್ಲ. ಎಲ್ಲಿ ಹಾಕಿದ್ಯೇ ಅಂದ್ರೆ ಬಾಯಿ ಬಿಡಲ್ಲ. ಯಾರದೋ ಗಂಡುಹುಡುಗನ ಚಪ್ಪಲಿ ಹಾಕ್ಕೊಂಡು ಪಟಪಟ ಅಂತ ಬೀದಿ ಸುತ್ತುತ್ತಾಳೆ. ನಂಗೆ ನಾಚಿಕೆ ಆಗುತ್ತೆ."

"ಚಿಕ್ಕಮ್ಮಾ!"

"ಏನು ಚಿಕ್ಕಮ್ಮಾ? ಸುಳ್ಳಾ?"

ಈ ಹುಡುಗಿಯನ್ನು ಬೀದಿಯಲ್ಲಿ ಎಲ್ಲರೂ ಪಿನ್ನು ಎನ್ನುತ್ತಾರೆ. ಗುಂಡುಪಿನ್ನಿನಷ್ಟೇ ಸಣ್ಣ, ಅಷ್ಟೇ ಚೂಪು. ಮುಚ್ಚಿಹೋದ ಈಜುಕೊಳದ ಎತ್ತರದ ಹಲಗೆಯಿಂದ ಮೂರು ದಿನದ ಹಿಂದೆ ಹಾರಿ, ಅರ್ಧ ನೀರಿಗೆ ಬಿದ್ದು, ಆಸ್ಪತ್ರೆಯಲ್ಲಿ ಕಣ್ಣು ಮುಚ್ಚಿ ಮಲಗಿರುವ ಮಿಡತೆ ಎಂಬ ಹುಡುಗನ ಜೀವದ ಗೆಳತಿ. ಕೊಳದ ನೀರು ಹೊರಗೆ ಬಿಟ್ಟವನು ಎಂದು ಅಲ್ಲಿನ ಕಾವಲುಗಾರನನ್ನು ಲಾಕಪ್ಪಿನಲ್ಲಿ ಕೂರಿಸಿದ್ದಾರೆ. ಆ ಕಾವಲುಗಾರನ ಹೆಂಡತಿ ನನ್ನ ಮನೆ ಮೆಟ್ಟಿಲ ಮೇಲೆ ಕೂತವಳು ಏಳುತ್ತಲೇ ಇಲ್ಲ. "ನಮ್ಮೋರು ಬೈತಾರೆ ಅಕ್ಕಾ, ಹೊಡೆಯೋ ಕೈ ಅಲ್ಲ ಅದು," ಎಂಬುದೊಂದೇ ಅವಳ ಮಾತು.

ನಾನು ಚೀಲದಿಂದ ಒಂದು ಜೊತೆ ಕಪ್ಪು ಬೂಟು ತೆಗೆದು ಇಸ್ತ್ರಿ ಮೇಜಿನ ತುದಿಯಲ್ಲಿಟ್ಟೆ. ಚಿಕ್ಕಮ್ಮ ಒಗೆದ ಬಟ್ಟೆಗಳನ್ನು ಸರಕ್ಕನೆ ಆಚೆ ಸರಿಸಿದಳು.

"ಇದು ಹಾರೋ ಹಲಗೆಯ ಮೆಟ್ಟಿಲ ಬುಡದಲ್ಲಿ ಇತ್ತು. ಪೊಲೀಸರು ಮಿಡತೆಯದು ಅಂತಾರೆ. ನೀನೇನಂತೀಯ?"

ಪಿನ್ನು ನೋಡಿದಳು. ನೋಡಿ ನಕ್ಕುಬಿಟ್ಟಳು. "ಮಿಡತೆ ಇದನ್ನ ಹಾಕ್ಕೊಂಡ್ರೆ ದೋಣಿ ಹತ್ತಿದ ಹಾಗಿರುತ್ತೆ ಆಂಟಿ. ಅವನದು ಬಿಳಿ ಕ್ಯಾನ್ವಾಸು."

ಅದು ನನಗೂ ಹೊಳೆದಿತ್ತು. ಇನ್ಸ್‌ಪೆಕ್ಟರ್‌ಗೆ ಹೊಳೆದಿರಲಿಲ್ಲ. "ಈಗಿನ ಹುಡುಗರು ಎಂಥದನ್ನ ಬೇಕಾದ್ರೂ ಹಾಕ್ಕೋತಾರೆ ಮೇಡಂ," ಎಂದು ಹೇಳಿ, ಹಳೆಯ ಪೊಲೀಸ್ ಅಧಿಕಾರಿಣಿ ಎಂಬ ಮುಲಾಜಿಗೆ ಒಂದು ದಿನದ ಮಟ್ಟಿಗೆ ನನಗೆ ಕೊಟ್ಟಿದ್ದ. ನನ್ನ ಕೈಕೆಳಗೆ ಕೆಲಸ ಕಲಿತವನು. ಏನು ಕಲಿಸಿದೆನೋ ದೇವರಿಗೇ ಗೊತ್ತು.

ಬೂಟಿನೊಳಗೆ ಕಾಲುಚೀಲಗಳನ್ನು ಮಡಿಸಿಟ್ಟಿದ್ದರು. ಮುದುರಿ ತುರುಕಿದ್ದಲ್ಲ, ಅಂಚಿಗೆ ಅಂಚು ಕೂಡಿಸಿ ಮಡಿಸಿದ್ದು. ಯಾವ ಹದಿನಾರರ ಹುಡುಗ ಕಾಲುಚೀಲ ಮಡಿಸುತ್ತಾನೆ? ನನ್ನ ಮಗ ಮೂವತ್ತಕ್ಕೂ ಕಲಿತಿಲ್ಲ.

ಇನ್ನೂ ಒಂದು ವಿಚಿತ್ರವಿತ್ತು. ಬಲಗಾಲಿನ ಬೂಟಿನ ಅಟ್ಟೆ ಮುಂಭಾಗದಲ್ಲಿ ಅಡ್ಡಕ್ಕೆ ಸವೆದು ಹೊಳೆಯುತ್ತಿತ್ತು. ಎಡಗಾಲಿನದು ಹೆಚ್ಚುಕಮ್ಮಿ ಹೊಸದು. ಹೊಲಿಗೆ ಯಂತ್ರ ತುಳಿಯುವವನಿರಬೇಕು ಎಂದುಕೊಂಡು ನಿನ್ನೆ ಪಕ್ಕದ ಬೀದಿಯ ಟೈಲರಿನ ತಲೆ ತಿಂದು ಬಂದಿದ್ದೆ. ಪಾಪ, ಅವನು ಹುಟ್ಟಿದಾರಭ್ಯ ಬೂಟು ಹಾಕಿದವನಲ್ಲ, ಯಂತ್ರವೂ ಕರೆಂಟಿನದು. ಬೈಸಿಕೊಂಡು ಬಂದೆ.

"ಈಗ ಹೇಳು. ನಿನ್ನ ಕಾಲಲ್ಲಿ ಯಾರದೋ ಚಪ್ಪಲಿ. ಮೆಟ್ಟಿಲ ಹತ್ತಿರ ಯಾರದೋ ಬೂಟು. ಮಿಡತೆಯ ಕ್ಯಾನ್ವಾಸು ನಾಪತ್ತೆ. ಏನಿದು ಆಟ?"

ಹುಡುಗಿ ಚಿಕ್ಕಮ್ಮನ ಕಡೆ ನೋಡಿದಳು.

"ಒಂದು ಲೋಟ ನೀರು ಸಿಗುತ್ತೇನಮ್ಮಾ?" ಎಂದೆ. ಚಿಕ್ಕಮ್ಮ ಒಳಗೆ ಹೋದಳು. ಹೋಗುವಾಗ ಕಿವಿಯನ್ನು ಇಲ್ಲೇ ಬಿಟ್ಟು ಹೋದಳು ಎಂಬುದು ನನಗೆ ಗೊತ್ತಿತ್ತು.

ಪಿನ್ನು ದನಿ ತಗ್ಗಿಸಿದಳು. "ಅದು ನಮ್ಮ ರೂಲು ಆಂಟಿ. ಹಾರೋನು ತನ್ನ ಚಪ್ಪಲಿ ಕೆಳಗಿರೋನಿಗೆ ಕೊಡಬೇಕು. ಕೆಳಗಿರೋನು ತನ್ನ ಚಪ್ಪಲಿ ಅವನಿಗೆ ಬಿಡಬೇಕು. ಅವನು ಹಾರಿ ಬಂದು ಅದನ್ನ ಹಾಕ್ಕೊಂಡು ಮನೆಗೆ ಹೋಗ್ತಾನೆ. ಆಮೇಲೆ ಕೆಳಗಿದ್ದೋನು ಹಾರಬೇಕು. ಹಾರೋವರೆಗೂ ಅವನ ಚಪ್ಪಲಿ ಅವನಿಗೆ ಸಿಗಲ್ಲ."

"ಅಂದ್ರೆ ನೀನು ಇನ್ನೂ ಹಾರಬೇಕು."

ಅವಳ ಮುಖ ಕೆಂಪಾಯಿತು. "ನಾಳೆ ನಾಳೆ ಅಂತ ಮುಂದೆ ಹಾಕ್ತಾ ಇದೀನಿ. ಎಲ್ಲರೂ ನನ್ನ ಕಾಲೇ ನೋಡ್ತಾರೆ."

ನನಗೆ ಮೈ ಉರಿಯಿತು. ಎರಡು ಬಾರಿಸೋಣ ಅನ್ನಿಸಿತು. ಆದರೆ ಬಾರಿಸಿದರೆ ಬಾಯಿ ಮುಚ್ಚಿಕೊಳ್ಳುತ್ತಾಳೆ. "ಒಬ್ಬಳೇ ಇದ್ದಾಗ ಯಾವತ್ತಾದ್ರೂ ಹಾರಿದೀಯಾ?"

"ಒಬ್ಳೇನಾ? ಒಬ್ಳೇ ಇದ್ರೆ ಆ ಮೆಟ್ಟಿಲು ಹತ್ತೋಕೇ ಕಾಲು ನಡುಗುತ್ತೆ."

"ಜೊತೆಗೆ ಇವರೆಲ್ಲ ಇದ್ರೆ?"

"ಆಗ್ಲೂ ನಡುಗುತ್ತೆ. ಆದ್ರೆ ಹತ್ತಿದ ಮೇಲೆ ಇಳಿದು ಬರೋಕೆ ಇನ್ನೂ ಜಾಸ್ತಿ ನಡುಗುತ್ತೆ ಆಂಟಿ."

"ಸತ್ತುಹೋಗ್ತೀನಿ ಅನ್ನಿಸಲ್ವೇನೇ?"

"ಅನ್ಸುತ್ತೆ." ಬಟ್ಟೆಯ ಒಂದು ದಾರ ಕಿತ್ತಳು. "ಆದ್ರೆ ಕೆಳಗಿರೋನು ನೀರು ಪರೀಕ್ಷೆ ಮಾಡಿರ್ತಾನಲ್ಲ. ಕೊಳದ ಅಂಚಿನ ಕೆಳಗೆ ನೀಲಿ ಹಂಚಿನ ಸಾಲಿದೆ. ಮೇಲಿಂದ ಕಾಣಲ್ಲ. ಮಂಡಿಯೂರಿ ಕೈ ಹಾಕಿ ನೋಡಬೇಕು. ನೀರು ನೀಲಿ ಹಂಚಿಗೆ ಮುಟ್ಟಿದ್ರೆ ಮಾತ್ರ ಹಾರೋದು. ಚಪ್ಪಲಿ ಇಸ್ಕೊಂಡೋನದೇ ಆ ಕೆಲಸ. ಮುಂದೆ ಹಾರೋನು ಅವನೇ ಅಲ್ವಾ? ತನಗೋಸ್ಕರ ಆದ್ರೂ ಸರಿಯಾಗಿ ನೋಡ್ತಾನೆ."

ಹುಚ್ಚಾಟ ಎಂದು ಊರೆಲ್ಲ ಬೈಯುವ ಈ ಮಕ್ಕಳು ತಮ್ಮ ಹುಚ್ಚಾಟಕ್ಕೂ ಒಂದು ಲೆಕ್ಕ ಇಟ್ಟುಕೊಂಡಿದ್ದರು. ಆ ಲೆಕ್ಕ ಮೊನ್ನೆ ತಪ್ಪಿತ್ತು. ಯಾಕೆ ತಪ್ಪಿತು?

"ಮೊನ್ನೆ ಮಿಡತೆಯ ಕೆಳಗೆ ನಿಂತಿದ್ದು ನೀನಾ?"

"ದೇವರಾಣೆ ಇಲ್ಲ! ನಾವ್ಯಾರೂ ಇರಲಿಲ್ಲ. ನಾವು ಬರ್ತೀವಿ ಅಂದ್ರೆ ಅವನೇ ಬೇಡ ಅಂದ. 'ಇವತ್ತು ನೋಡೋಕೆ ಬರೋರು ಬೇರೆ' ಅಂದ. ಹಲ್ಲು ಕಿಸೀತಾ ಹೇಳಿದ. ಅಷ್ಟು ಖುಷಿಯಾಗಿ ಅವನನ್ನ ನಾನು ನೋಡೇ ಇರಲಿಲ್ಲ."

"ಬೇರೆ ಅಂದ್ರೆ ಯಾರು?"

"ಹೇಳಲಿಲ್ಲ ಆಂಟಿ. ಎಷ್ಟು ಪೀಡಿಸಿದ್ರೂ ಹೇಳಲಿಲ್ಲ."

ಹುಡುಗಿಯ ಕಣ್ಣು ಒದ್ದೆಯಾಯಿತು. ಸುಳ್ಳು ಹೇಳುವವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಇವಳು ಹೇಳುತ್ತಿರಲಿಲ್ಲ. ಅಂದರೆ ಒಬ್ಬ ದೊಡ್ಡ ಕಾಲಿನ ಮನುಷ್ಯ, ಕಾಲುಚೀಲ ಮಡಿಸುವ ಮನುಷ್ಯ, ಹುಡುಗನ ಬೂಟು ಇಸ್ಕೊಂಡು ಕೆಳಗೆ ನಿಂತಿದ್ದ. ನೀರು ಕಮ್ಮಿ ಇದೆಯೆಂದು ಗೊತ್ತಿದ್ದೂ ಸುಮ್ಮನಿದ್ದನೋ? ಸುಮ್ಮನಿದ್ದು ಹಾರಲು ಬಿಟ್ಟನೋ? ಹಾಗಾದರೆ ಅವನಿಗೆ ಆ ಮಗುವಿನ ಮೇಲೆ ಎಂಥ ಹಗೆ?

ಫೋನ್ ಹೊಡೆದುಕೊಂಡಿತು. ಇನ್ಸ್‌ಪೆಕ್ಟರ್.

"ಮೇಡಂ, ಮಧ್ಯಾಹ್ನ ಕಾವಲುಗಾರನನ್ನ ಕೋರ್ಟಿಗೆ ಹಾಜರುಪಡಿಸ್ತೀವಿ. ಅಲ್ಲಿಂದ ಸೀದಾ ಜೈಲು. ಬೂಟು ವಾಪಸ್ ಬೇಕು."

"ಅವನೇ ಮಾಡಿದ್ದು ಅಂತ ಯಾರು ನೋಡಿದ್ದಾರೋ?"

"ಹಿಂದಿನ ವಾರ ಎಲ್ಲರ ಎದುರಿಗೆ ಆ ಹುಡುಗನಿಗೆ 'ಕಾಲು ಮುರಿದು ಕೈಗೆ ಕೊಡ್ತೀನಿ' ಅಂದಿದ್ದಾನೆ. ಆಮೇಲೆ ನೀರು ಬಿಟ್ಟಿದ್ದಾನೆ. ಅವನೇ ಒಪ್ಪಿಕೊಂಡಿದ್ದಾನೆ. ಇನ್ನೇನು ಬೇಕು?"

ಒಪ್ಪಿಕೊಂಡಿದ್ದು ನಿಜ. ಲಾಕಪ್ಪಿನ ಕಂಬಿ ಹಿಡಿದು ನನ್ನೆದುರೂ ಒಪ್ಪಿಕೊಂಡಿದ್ದ. "ನೀರಿಲ್ಲದ ಕೊಳಕ್ಕೆ ಯಾವ ಹುಚ್ಚ ಹಾರ್ತಾನೆ ಅಂತ ಬಿಟ್ಟೆ ಅಮ್ಮಾ. ಬೈದು ಸಾಕಾಗಿತ್ತು, ಬೋರ್ಡು ಹಾಕಿ ಸಾಕಾಗಿತ್ತು. ಬೋರ್ಡು ಹಾಕಿದ ದಿನ ಇನ್ನೂ ನಾಲ್ಕು ಜನ ಜಾಸ್ತಿ ಬಂದ್ರು. ಪೈಪು ಕಟ್ಟಿಕೊಂಡಿದೆ, ನೀರು ಇಷ್ಟಿಷ್ಟೇ ಹೋಗುತ್ತೆ. ಪೂರ್ತಿ ಖಾಲಿಯಾಗೋದರೊಳಗೆ ಹೀಗಾಯ್ತು." ಅದೆಲ್ಲ ಹೇಳಿ ಕೊನೆಗೆ ಬೇಡಿಕೊಂಡಿದ್ದು ತನ್ನ ಬಿಡುಗಡೆಯನ್ನಲ್ಲ. "ವಾಲ್ವು ತೆರೆದೇ ಇದೆ ಅಮ್ಮಾ. ನೀರು ಇನ್ನೂ ಹೊರಗೆ ಹರೀತಾ ಇರುತ್ತೆ. ಯಾರಾದ್ರೂ ಬಂದು ಮತ್ತೆ ಹಾರಿದ್ರೆ? ಹಿಂದಿನ ಬೇಲಿ ಮುರಿದಿದೆ, ಯಾರು ಬೇಕಾದ್ರೂ ನುಗ್ಗಬಹುದು. ಒಂದು ಕಾವಲಾದ್ರೂ ಹಾಕೋಕೆ ಹೇಳಿ."

"ಅಲ್ಲಿ ಕಾವಲು ಹಾಕಿದೀಯಾ?" ಎಂದು ಫೋನಿನಲ್ಲಿ ಕೇಳಿದೆ.

"ಜನ ಎಲ್ಲಿ ಮೇಡಂ ಕಾವಲಿಗೆ? ಬಾಗಿಲಿಗೆ ಸೀಲ್ ಹಾಕಿದೀವಿ."

"ಹುಡುಗನನ್ನ ನೀರಿಂದ ಎಳೆದು ದಡದ ಮೇಲೆ ಮಲಗಿಸಿದ್ರು ಯಾರೋ. ಕಾವಲುಗಾರನ ಬಟ್ಟೆ ಒದ್ದೆಯಾಗಿರಲಿಲ್ಲ. ಅದಕ್ಕೇನಂತೀಯ?"

"ಬದಲಾಯಿಸಿರ್ತಾನೆ ಬಿಡಿ."

ಫೋನ್ ಇಟ್ಟೆ. ಇಡದಿದ್ದರೆ ಬಾಯಲ್ಲಿ ಬರಬಾರದ್ದು ಬರುತ್ತಿತ್ತು.

ಅಷ್ಟರಲ್ಲಿ ಅಂಗಡಿ ಮುಂದೆ ಡ್ರೈವಿಂಗ್ ಶಾಲೆಯ ಕೆಂಪು ಕಾರು ಬಂದು ನಿಂತಿತು. ಇಳಿದವಳು ಮಿಡತೆಯ ತಾಯಿ. ನಿದ್ದೆಗೆಟ್ಟ ಕಣ್ಣು, ಬಾಚದ ತಲೆ. ಮನೆಯಿಂದ ಬಟ್ಟೆ ಒಯ್ದು ಮತ್ತೆ ಆಸ್ಪತ್ರೆಗೆ ಹೋಗುವ ಅವಸರದಲ್ಲಿದ್ದಳು. ನಾನು ಕಪ್ಪು ಬೂಟನ್ನು ಚೀಲಕ್ಕೆ ಸೇರಿಸಿದೆ. ಯಾಕೋ ಅವಳಿಗೆ ಆಗಲೇ ತೋರಿಸುವುದು ಬೇಡವೆನ್ನಿಸಿತು.

ಚಿಕ್ಕಮ್ಮ ನೀರಿನ ಲೋಟ ನನ್ನ ಕೈಗಿತ್ತು, ಮಡಿಸಿದ ಬಟ್ಟೆಗಳ ಗಂಟು ತಂದಳು. "ನಿಮ್ಮ ಪಕ್ಕದ ಮನೆಯವರು ಒಗೆದು ತಂದುಕೊಟ್ಟಿದ್ರು ಅಕ್ಕ. ಯಜಮಾನರ ಪ್ಯಾಂಟಿನ ಹಸಿರು ಕಲೆ ಮಾತ್ರ ಹೋಗಿಲ್ಲ ನೋಡಿ. ಸೊಂಟದವರೆಗೂ ಹತ್ತಿದೆ."

"ಹುಲ್ಲಿನದಿರಬೇಕು," ಎಂದಳು ತಾಯಿ, ಗಮನವಿಲ್ಲದೆ. "ಮಗ ಹೇಗಿದ್ದಾನೆ ಅಂತ ಎಲ್ಲರೂ ಕೇಳ್ತಾರೆ. ಏನು ಹೇಳಲಿ ಮೇಡಂ? ಹಾಗೇ ಇದ್ದಾನೆ."

"ನನ್ನನ್ನೂ ಆಸ್ಪತ್ರೆಗೆ ಕರ್ಕೊಂಡು ಹೋಗಮ್ಮಾ. ಮಂಡಿ ಕೈಕೊಟ್ಟಿದೆ, ಬಸ್ಸು ಹತ್ತೋಕಾಗಲ್ಲ," ಎಂದು ಅವಳ ಪಕ್ಕದ ಸೀಟಿನಲ್ಲಿ ಕೂತೆ.

ಅವಳು ಕಾರು ಓಡಿಸಿದ ರೀತಿ ಹೇಳಿದರೆ ನೀವು ನಂಬುವುದಿಲ್ಲ. ಕಣ್ಣು ರಸ್ತೆಯ ಮೇಲಿತ್ತು, ಮನಸ್ಸು ಆಸ್ಪತ್ರೆಯಲ್ಲಿತ್ತು. ಮೊದಲ ತಿರುವಿನಲ್ಲೇ ನನ್ನ ಜೀವ ಬಾಯಿಗೆ ಬಂತು.

"ಮನೆಯೋರು ಆಸ್ಪತ್ರೆಯಲ್ಲೇ ಇದ್ದಾರಾ?"

"ಆ ಬೆಂಚು ಬಿಟ್ಟು ಎದ್ದಿಲ್ಲ ಮೇಡಂ. ಒಂದು ಗುಟುಕು ಕಾಫಿ ಇಳಿದಿಲ್ಲ. ಮೊನ್ನೆ ಸ್ನಾನದ ಮಧ್ಯೆ ಸುದ್ದಿ ಕೇಳಿ ಹಾಗೇ ಎದ್ದು ಓಡಿ ಬಂದ್ರಂತೆ. ತಲೆಯಿಂದ ನೀರು ತೊಟ್ಟಿಕ್ತಾ ಇತ್ತು. ಬಚ್ಚಲ ಚಪ್ಪಲಿಯಲ್ಲೇ ಬಂದಿದ್ದಾರೆ, ಇವತ್ತಿಗೂ ಅದರಲ್ಲೇ ಇದ್ದಾರೆ. ಬೂಟು ತಂದುಕೊಡ್ತೀನಿ ಅಂದ್ರೆ ಬೇಡ ಅಂತಾರೆ. ಮನೇಲಿ ಹುಡುಕಿದೆ, ಸಿಗಲೂ ಇಲ್ಲ."

"ಮಗನ ಮೇಲೆ ಅಷ್ಟು ಪ್ರೀತಿ."

"ಪ್ರೀತಿಗಿಂತ ಭಯ ಜಾಸ್ತಿ. ಇಪ್ಪತ್ತು ವರ್ಷ ಡ್ರೈವಿಂಗ್ ಕಲಿಸಿದ್ದಾರೆ, ಒಂದು ಗೀರು ಬಿದ್ದಿಲ್ಲ ಕಾರಿಗೆ. ಮನೇಲೂ ಹಾಗೇ. ಮಗ ಸೈಕಲ್ ಹತ್ತಿದ್ರೆ ಹಿಂದೆ ಓಡೋರು. ಮರ ಹತ್ತಿದ್ರೆ ಕೆಳಗೆ ಕೈ ಚಾಚಿ ನಿಲ್ಲೋರು. ಇವನಿಗೆ ಸಿಟ್ಟು. 'ನೀವು ನನ್ನನ್ನ ನೋಡೋದೇ ಇಲ್ಲ, ನಾನು ಬೀಳೋ ಜಾಗ ನೋಡ್ತೀರ' ಅಂತಿದ್ದ..."

"ಎದುರಿಗೆ ಲಾರಿ ಕಣಮ್ಮಾ!"

ಹೆದರಿದವರೆಲ್ಲ ಮಾಡುವಂತೆ ನನ್ನ ಬಲಗಾಲು ತಾನಾಗಿಯೇ ನೆಲವನ್ನು ಒತ್ತಿತು. ಅಲ್ಲಿ ನೆಲವಿರಲಿಲ್ಲ. ಕಾಲ ಕೆಳಗೆ ಏನೋ ಒಂದು ಸಿಕ್ಕಿ, ಒಳಗೆ ಹೋಯಿತು. ಕಾರು ಕಿರ್‍ರೆಂದು ಕಿರುಚಿ, ಇದ್ದಕ್ಕಿದ್ದಂತೆ ನಿಂತಿತು. ನನ್ನ ಹಣೆ ಮುಂದಿನ ಗಾಜಿಗೆ ತಾಕುವುದು ಕೂದಲೆಳೆಯಲ್ಲಿ ತಪ್ಪಿತು. ಲಾರಿಯವನು ನಮ್ಮಿಬ್ಬರ ವಂಶವನ್ನು ಬಾಯ್ತುಂಬ ಹೊಗಳಿ ಹೋದ.

"ಕ್ಷಮಿಸಿ ಮೇಡಂ," ಎಂದಳು ತಾಯಿ. "ನೀವು ಒತ್ತಿದ್ದು ಮೇಷ್ಟ್ರ ಬ್ರೇಕು. ಕಲಿಸೋರ ಕಾಲಿಗೆ ಇನ್ನೊಂದು ಬ್ರೇಕ್ ಇರುತ್ತೆ. ಅದೊಂದೇ ಇರೋದು ಆ ಕಡೆ."

ಅದೊಂದೇ. ಬಲಗಾಲಿಗೆ ಬ್ರೇಕು, ಎಡಗಾಲಿಗೆ ಕೆಲಸವಿಲ್ಲ. ಇಪ್ಪತ್ತು ವರ್ಷ ಕಲಿಯುವವರ ಪಕ್ಕದಲ್ಲಿ ಕೂತು, ದಿನವೆಲ್ಲ ಒಂದೇ ಕಾಲಿನಲ್ಲಿ ಒತ್ತುವ ಮನುಷ್ಯನ ಬೂಟಿನ ಅಟ್ಟೆ ಹೇಗೆ ಸವೆಯುತ್ತದೆ? ಮಡಿಲಲ್ಲಿದ್ದ ಚೀಲ ಒಮ್ಮೆಲೇ ಭಾರವಾದಂತಾಯಿತು.

ಆಗ ನನ್ನ ಹಿಮ್ಮಡಿಗೆ ಏನೋ ತಾಕಿತು. ಬ್ರೇಕಿನ ಜಗ್ಗಿಗೆ ಸೀಟಿನ ಅಡಿಯಿಂದ ಜಾರಿ ಬಂದಿತ್ತು. ಬಗ್ಗಿ ಎತ್ತಿದೆ. ಒಂದು ಜೊತೆ ಬಿಳಿ ಕ್ಯಾನ್ವಾಸ್ ಬೂಟು, ಎರಡರ ಲೇಸನ್ನೂ ಸೇರಿಸಿ ಗಂಟು ಹಾಕಿದ್ದು. ನೆಂದು ಒಣಗಿ ಹಪ್ಪಳದ ಹಾಗೆ ಸೆಟೆದಿತ್ತು. ಅಂಚಿಗೆಲ್ಲ ಒಣಗಿದ ಹಸಿರು ಪಾಚಿ.

ತಾಯಿ ಅದನ್ನೇ ನೋಡಿದಳು. "ಇದು ನನ್ನ ಮಗಂದು. ಪೊಲೀಸರ ಹತ್ರ ಇದೆ ಅಂದ್ರಲ್ಲ? ಇಲ್ಲಿಗೆ ಹೇಗೆ ಬಂತು?"

ಅವಳು ನನ್ನ ಮುಖ ನೋಡಿದಳು, ಹಿಂದಿನ ಸೀಟಿನಲ್ಲಿದ್ದ ಇಸ್ತ್ರಿ ಗಂಟನ್ನು ನೋಡಿದಳು. ಆಮೇಲೆ ಕಾರನ್ನು ಸೀದಾ ಆಸ್ಪತ್ರೆಗೆ ಓಡಿಸಿದಳು. ಅವಳಿಗೂ ಎಲ್ಲ ಮೊದಲೇ ಗೊತ್ತಿತ್ತೇ ಎಂಬ ಸಂಶಯ ನನಗೆ ಒಂದು ಕ್ಷಣ ಬಂತು. ಗೊತ್ತಿದ್ದವಳು ಆ ಹಸಿರು ಕಲೆಯ ಪ್ಯಾಂಟನ್ನು ಊರವರ ಕೈಗೆ ಕೊಡುತ್ತಿರಲಿಲ್ಲ ಎಂದು ಸಮಾಧಾನ ಮಾಡಿಕೊಂಡೆ.

ಡ್ರೈವಿಂಗ್ ಮೇಷ್ಟ್ರು ತೀವ್ರ ನಿಗಾ ಘಟಕದ ಹೊರಗಿನ ಬೆಂಚಿನ ತುದಿಯಲ್ಲಿ ಮಂಡಿ ಜೋಡಿಸಿ ಕೂತಿದ್ದರು. ಕಾಲಲ್ಲಿ ನೀಲಿ ಬಚ್ಚಲ ಚಪ್ಪಲಿ. ಹೆಂಡತಿ ಕಾರಿನ ಕೀಲಿಯನ್ನು ಅವರ ಪಕ್ಕ ಇಟ್ಟು, ಮಗನನ್ನು ನೋಡಲು ಗಾಜಿನ ಬಾಗಿಲ ಹತ್ತಿರ ಹೋಗಿ ನಿಂತಳು.

ನಾನು ಚೀಲದಿಂದ ಕಪ್ಪು ಬೂಟು ತೆಗೆದು ಅವರ ಎದುರು ನೆಲದ ಮೇಲೆ ಬೇಕೆಂದೇ ಸೊಟ್ಟಗೆ ಇಟ್ಟೆ. ಒಂದು ಪೂರ್ವಕ್ಕೆ, ಒಂದು ಪಶ್ಚಿಮಕ್ಕೆ.

ಅವರು ಬೂಟನ್ನು ನೋಡಿದರು. ಆಮೇಲೆ ಅವರ ಕೈ, ಅವರನ್ನು ಕೇಳದೆಯೇ, ಕೆಳಗೆ ಹೋಗಿ ಎರಡು ಬೂಟನ್ನೂ ಸಮನಾಗಿ ಜೋಡಿಸಿಟ್ಟಿತು.

"ಕಾಲುಚೀಲ ಒಳಗೇ ಇದೆ ಮೇಷ್ಟ್ರೇ. ನೀವು ಮಡಿಸಿಟ್ಟ ಹಾಗೇ ಇದೆ."

"ಇವಳಿಗೆ ಗೊತ್ತಾ?"

"ಅರ್ಧ ಗೊತ್ತು. ಉಳಿದರ್ಧ ನೀವೇ ಹೇಳ್ತೀರ. ನಿಮ್ಮ ಮಗನನ್ನ ನೀವೇ ಮೇಲೆ ಹತ್ತಿಸಿದ್ರಾ?"

"ಅಯ್ಯೋ!" ಆ ದನಿಗೆ ಗಾಜಿನ ಬಾಗಿಲ ಹತ್ತಿರ ನಿಂತಿದ್ದ ಹೆಂಡತಿ ತಿರುಗಿ ನೋಡಿದಳು. ಅವರು ದನಿ ತಗ್ಗಿಸಿದರು. "ನಿಲ್ಲಿಸೋಕೆ ಹೋಗಿದ್ದು ಮೇಡಂ. ಆ ಹಾಳು ಹಾರಾಟ ನಿಲ್ಲಿಸು ಅಂತ ಕಾಲು ಹಿಡಿದೆ. ಅವನು ಒಂದು ಮಾತು ಹೇಳಿದ. 'ಒಂದೇ ಸಲ ಬಂದು ನನ್ನನ್ನ ನೋಡಿ. ನನ್ನ ಬೂಟು ಇಸ್ಕೊಂಡು ಕೆಳಗೆ ನಿಂತ್ಕೊಳ್ಳಿ. ಆಮೇಲೆ ನೀವೂ ಒಂದು ಸಲ ಹಾರಿ. ಅಲ್ಲಿಗೆ ನಾನು ಬಿಟ್ಟುಬಿಡ್ತೀನಿ, ಮತ್ತೆ ಆ ಕಡೆ ತಲೆ ಹಾಕಲ್ಲ' ಅಂದ. ನಾನು ಹೂಂ ಅಂದೆ."

"ಹಾರ್ತೀನಿ ಅಂತ ಹೂಂ ಅಂದ್ರಾ?"

"ಹಾರೋ ಮನಸ್ಸು ಎಲ್ಲಿತ್ತು? ಸುಮ್ನೆ ಅಂದೆ. ಮಕ್ಕಳಿಗೆ ಅಂತೀವಲ್ಲ, ಹಾಗೆ. ಅವನು ಅದನ್ನ ನಿಜ ಅಂದ್ಕೊಂಡ. ದಾರಿಯುದ್ದಕ್ಕೂ ಕುಣೀತಾ ಬಂದ ಮೇಡಂ. ಚಿಕ್ಕೋನಿದ್ದಾಗ ಹಾಗೆ ಕುಣೀತಿದ್ದ."

ನನ್ನ ಸಿಟ್ಟು ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ಬಿಡಬಾರದೆಂದು ಗಟ್ಟಿಯಾಗಿ ಕೇಳಿದೆ. "ನೀರು ಯಾಕೆ ನೋಡಲಿಲ್ಲ?"

"ಏನು ನೀರು?"

"ಬೂಟು ಇಸ್ಕೊಂಡೋನು ಮಂಡಿಯೂರಿ ನೀರು ಪರೀಕ್ಷೆ ಮಾಡಬೇಕು. ಅದು ಅವರ ರೂಲು. ನೀಲಿ ಹಂಚಿಗೆ ಮುಟ್ಟಿದ್ರೆ ಮಾತ್ರ ಹಾರೋದು."

ಈ ಮನುಷ್ಯನಿಗೆ ಅದು ಗೊತ್ತೇ ಇರಲಿಲ್ಲ. ಆ ಹಾರುವ ಗುಂಪಿನ ಹಾಲುಗಲ್ಲದ ಮಕ್ಕಳಿಗೂ ಗೊತ್ತಿದ್ದ ವಿಷಯವನ್ನು ಅಪ್ಪನಿಗೆ ಹೇಳಬೇಕು ಎಂದು ಮಗನಿಗೆ ಹೊಳೆದಿರಲಿಲ್ಲ. ಜಗತ್ತಿನಲ್ಲಿ ಎಲ್ಲವನ್ನೂ ಎರಡೆರಡು ಸಲ ಪರೀಕ್ಷೆ ಮಾಡುವ ಅಪ್ಪ ಕೆಳಗೆ ನಿಂತಿರುವಾಗ ಯಾವ ಮಗ ಅನುಮಾನಪಡುತ್ತಾನೆ?

"ನಾನು ಬೀಳೋ ಜಾಗ ನೋಡಲಿಲ್ಲ ಮೇಡಂ," ಎಂದರು ಮೇಷ್ಟ್ರು. "ಅದಕ್ಕೇ ಅವನು ಯಾವಾಗ್ಲೂ ಬೈತಿದ್ದನಲ್ಲ? ಇವತ್ತೊಂದು ದಿನ ಅವನನ್ನೇ ನೋಡೋಣ ಅಂತ ನೋಡ್ತಾ ನಿಂತೆ. ಅವನು ಹಲಗೆ ಬಿಟ್ಟ ತಕ್ಷಣ ನನ್ನ ಬಲಗಾಲು ನೆಲ ಒತ್ತಿತು. ಒತ್ತೇ ಒತ್ತಿತು. ಅಲ್ಲಿ ಬ್ರೇಕ್ ಎಲ್ಲಿಂದ ಬರಬೇಕು?"

ಮುಂದಿನದನ್ನು ಅವರು ಬಿಕ್ಕುತ್ತಾ ಹೇಳಿದರು. ಮಗನ ಬೂಟು ಕೈಯಲ್ಲಿ ಹಿಡಿದಿದ್ದ ಹಾಗೇ ನೀರಿಗಿಳಿದು ಎಳೆದು ತಂದದ್ದು, ಆಟೋ ತರಲು ಬರಿಗಾಲಲ್ಲಿ ರಸ್ತೆಗೆ ಓಡಿದ್ದು, ತಿರುಗಿ ಬರುವಷ್ಟರಲ್ಲಿ ಕಾವಲುಗಾರ ಕರೆಸಿದ ಆಂಬುಲೆನ್ಸ್ ಹೊರಟುಹೋಗಿದ್ದು. ಮನೆಗೆ ಓಡಿ, ಒದ್ದೆ ಪ್ಯಾಂಟು ಬಿಚ್ಚಿ, ಕಾಲಿಗೆ ಸಿಕ್ಕಿದ್ದು ಹಾಕಿಕೊಂಡು ಕಾರು ಹತ್ತಿದ್ದು. ಆಸ್ಪತ್ರೆಯಲ್ಲಿ ಹೆಂಡತಿ ತಲೆ ಒರೆಸುತ್ತಾ "ಸ್ನಾನ ಮಾಡ್ತಿದ್ರಾ?" ಎಂದಾಗ ತಲೆಯಾಡಿಸಿದ್ದು.

"ಅಷ್ಟೇ ಮೇಡಂ. ಒಂದು ಸಲ ತಲೆಯಾಡಿಸಿದೆ. ಆಮೇಲೆ ಬಾಯಿಗೆ ಬೀಗ ಬಿತ್ತು."

"ನಿಮ್ಮ ಬಾಯಿಗೆ ಬೀಗ ಬಿದ್ದು, ಇನ್ನೊಬ್ಬ ಲಾಕಪ್ಪಿನ ಬೀಗದ ಹಿಂದೆ ಇದ್ದಾನೆ. ಅವನ ಹೆಂಡತಿ ನನ್ನ ಮೆಟ್ಟಿಲ ಮೇಲೆ ಕೂತಿದ್ದಾ‌ಳೆ. ಮಧ್ಯಾಹ್ನ ಅವನು ಜೈಲಿಗೆ ಹೋಗ್ತಾನೆ. ನೀವು ಬಾಯಿ ಬಿಟ್ರೆ ಮಾತ್ರ ಉಳೀತಾನೆ, ಇಲ್ಲದಿದ್ರೆ ಇಲ್ಲ. ಬೇರೆ ಸಾಕ್ಷಿ ಯಾರೂ ಇಲ್ಲ."

"ಹೇಳ್ತೀನಿ. ಆಣೆಗೂ ಹೇಳ್ತೀನಿ. ಮೊದಲು ಇವಳಿಗೆ ಹೇಳ್ತೀನಿ, ಆಮೇಲೆ ಪೊಲೀಸರಿಗೆ." ಕಣ್ಣು ಒರೆಸಿಕೊಂಡರು. "ಮೇಡಂ, ಆ ಮಕ್ಕಳ ರೂಲು ಇನ್ನೂ ಏನಿದೆ? ಕೆಳಗಿದ್ದೋನು ಹಾರದಿದ್ರೆ?"

"ಅವನ ಚಪ್ಪಲಿ ಅವನಿಗೆ ಸಿಗಲ್ಲ. ಹಾರೋವರೆಗೂ ಎಲ್ಲರೂ ಅವನ ಕಾಲು ನೋಡ್ತಾರಂತೆ."

ಇದನ್ನು ಯಾಕೆ ಕೇಳುತ್ತಿದ್ದಾರೆ ಎಂದು ನಾನು ಯೋಚಿಸಬೇಕಿತ್ತು. ಯೋಚಿಸಲಿಲ್ಲ. ಇನ್ಸ್‌ಪೆಕ್ಟರ್ ನಂಬರ್ ಹುಡುಕುತ್ತಿದ್ದೆ.

"ಅವನ ಬೂಟು ಸಿಕ್ತಾ?"

ಕ್ಯಾನ್ವಾಸ್ ಜೋಡಿಯನ್ನು ಕೊಟ್ಟೆ. ಅವರು ಅದನ್ನು ಮಡಿಲಲ್ಲಿಟ್ಟುಕೊಂಡು, ಲೇಸಿನ ಗಂಟನ್ನು ಬಿಡಿಸತೊಡಗಿದರು.

ಗಾಜಿನ ಬಾಗಿಲು ದಡಾರನೆ ತೆರೆಯಿತು. ನರ್ಸ್ ಹೊರಗೆ ಬಂದಳು. "ಕಣ್ಣು ಬಿಟ್ಟಿದ್ದಾನೆ! ತಾಯಿ ಬನ್ನಿ, ಮಾತಾಡ್ತಿದ್ದಾನೆ!"

ತಾಯಿ ಅಲ್ಲಿಂದಲೇ ಓಡಿದಳು. ನಾನೂ ಮಂಡಿನೋವು ಮರೆತು ಎದ್ದೆ. "ಬನ್ನಿ ಮೇಷ್ಟ್ರೇ!"

ಅವರ ಮುಖದಲ್ಲಿ ರಕ್ತ ಬಂತು, ಹೋಯಿತು. ಅರ್ಧ ಎದ್ದವರು ಮತ್ತೆ ಕೂತರು. "ನೀವು ಹೋಗಿ. ನಾನು ಬಂದೆ."

ನಾಚಿಕೆ ಎಂದುಕೊಂಡೆ. ಸ್ವಲ್ಪ ಹೊತ್ತು ಬೇಕು ಎಂದುಕೊಂಡೆ. ಪೊಲೀಸ್ ಕೆಲಸ ಇಷ್ಟು ವರ್ಷ ಮಾಡಿದವಳು ಆ ಒಂದು ಮಾತಿಗೆ ಮೋಸಹೋದೆ.

ಮಿಡತೆ ದಿಂಬಿನಲ್ಲಿ ಹೂತುಹೋಗಿದ್ದ. ತಲೆಗೆ ಕಟ್ಟು, ಒಂದು ಕಾಲಿಗೆ ಪ್ಲಾಸ್ಟರು. ತುಟಿ ಒಡೆದು ಒಣಗಿತ್ತು. ತಾಯಿ ಅವನ ಕೆನ್ನೆ, ಕೈ, ಬೆರಳು ಎಲ್ಲವನ್ನೂ ಮುಟ್ಟಿ ಮುಟ್ಟಿ ನೋಡುತ್ತಿದ್ದಳು. "ಏನು ಕಂದಾ? ನೀರು ಬೇಕಾ? ಎಲ್ಲಿ ನೋವು? ಹೇಳು, ಯಾರು ನಿನ್ನನ್ನ ಹಾರಿಸಿದ್ದು? ಯಾರೂ ನಿನ್ನನ್ನ ಬೈಯಲ್ಲ."

ಹುಡುಗನ ಕಣ್ಣು ಅವಳನ್ನು ದಾಟಿ ಬಾಗಿಲ ಕಡೆ ಹೋಯಿತು. ಅಲ್ಲಿ ನಾನಿದ್ದೆ. ಅವನಿಗೆ ಬೇಕಾದವರು ನಾನಾಗಿರಲಿಲ್ಲ.

"ಅಮ್ಮಾ," ಎಂದ. ಕೇಳಿಸಿಕೊಳ್ಳಲು ಅವಳು ಬಗ್ಗಬೇಕಾಯಿತು. "ಅಪ್ಪ ಹಾರಿದ್ರಾ?"

ತಾಯಿಗೆ ಅರ್ಥವಾಗಲಿಲ್ಲ. "ಏನಂತಿದೀಯೋ?"

ಒಡೆದ ತುಟಿಯಲ್ಲಿ ಸಣ್ಣ ನಗು ಮೂಡಿತು. "ಹಾರ್ತೀನಿ ಅಂದಿದ್ರು. ನಾನು ಮಲಗಿಬಿಟ್ಟೆ, ನೋಡಲಿಲ್ಲ."

ನಾನು ಹೊರಗೆ ಓಡಿದೆ.

ಬೆಂಚು ಖಾಲಿಯಾಗಿತ್ತು. ಕೆಳಗೆ ಕಪ್ಪು ಬೂಟು, ಅದರ ಪಕ್ಕ ನೀಲಿ ಬಚ್ಚಲ ಚಪ್ಪಲಿ, ಎರಡೂ ಜೊತೆ ಒಂದೇ ಗೆರೆಗೆ ಜೋಡಿಸಿಟ್ಟಿದ್ದವು. ಬಿಳಿ ಕ್ಯಾನ್ವಾಸು ಇರಲಿಲ್ಲ. ಕಾರಿನ ಕೀಲಿಯೂ ಇರಲಿಲ್ಲ.

ಕಿಟಕಿಗೆ ಬಂದೆ. ಕೆಳಗೆ ಡ್ರೈವಿಂಗ್ ಶಾಲೆಯ ಕೆಂಪು ಕಾರು ಆಸ್ಪತ್ರೆಯ ಗೇಟು ದಾಟುತ್ತಿತ್ತು. ಇಪ್ಪತ್ತು ವರ್ಷ ಗೀರು ಬೀಳಿಸದ ಮನುಷ್ಯ ತಿರುವಿನಲ್ಲಿ ಎಡಕ್ಕೂ ನೋಡಲಿಲ್ಲ, ಬಲಕ್ಕೂ ನೋಡಲಿಲ್ಲ. ಕಾರು ಕೊಳದ ರಸ್ತೆಗೆ ನುಗ್ಗಿತು.

ಫೋನ್ ತೆಗೆದೆ. ಎರಡು ಸಲ ತಪ್ಪು ಒತ್ತಿ, ಮೂರನೆಯ ಸಲ ಇನ್ಸ್‌ಪೆಕ್ಟರ್ ಸಿಕ್ಕ.

"ಕೊಳದ ಹತ್ರ ಜನ ಕಳಿಸೋ! ಈಗಲೇ! ಮೇಷ್ಟ್ರು ಹಾರೋಕೆ ಹೋಗ್ತಿದ್ದಾರೆ! ವಾಲ್ವು ಮುಚ್ಚಿದೀಯಾ ಇಲ್ವಾ?"

"ಮುಚ್ಚೋದಾ?" ಅವನಿಗೆ ನಿಜಕ್ಕೂ ಆಶ್ಚರ್ಯವಾಗಿತ್ತು. "ಸಾಕ್ಷಿ ಅಲ್ವಾ ಮೇಡಂ ಅದು? ಮೊನ್ನೆಯಿಂದ ಯಾರೂ ಮುಟ್ಟಿಲ್ಲ."